ಆರು ಕ್ಯಾಸೆಟ್ ಇರಬಹುದು, ನಾಟಕ ಒಂದೇ

ತೊಡೆ ಮುರಿದು ಬಿದ್ದ ದುರ್ಯೋಧನ ಮತ್ತೆ ಸಿಂಹಾಸನದ ಮೇಲೆ ಕೂತು ಕೃಷ್ಣನ ಸಂಧಾನದ ಮಾತನ್ನು ತಳ್ಳಿಹಾಕುತ್ತಾನೆ. ಅದಾದ ಮೇಲೆ ಕರ್ಣ ಸಾಯುತ್ತಾನೆ. ಕರ್ಣ ಸತ್ತ ಮೇಲೆ ಅಭಿಮನ್ಯು ಚಕ್ರವ್ಯೂಹಕ್ಕೆ ನುಗ್ಗುತ್ತಾನೆ. ಆಮೇಲೆ ಕುಂತಿ ಬಂದು, ಸತ್ತುಹೋದ ಮಗನ ಮುಂದೆ ಸೆರಗೊಡ್ಡಿ, ತೊಟ್ಟ ಬಾಣ ಮತ್ತೆ ತೊಡುವುದಿಲ್ಲವೆಂಬ ಭಾಷೆ ಪಡೆಯುತ್ತಾಳೆ. ಎಲ್ಲ ಮುಗಿದು, ಕಟ್ಟಕಡೆಗೆ, ಗಣಪತಿಯ ಪ್ರಾರ್ಥನೆ.

ನಮ್ಮ ತಾಲ್ಲೂಕಿನ ಒಂದು ಊರಿನವರು ವರ್ಷಗಳ ಹಿಂದೆ ಜಾತ್ರೆಯಲ್ಲಿ ಆಡಿದ ಕುರುಕ್ಷೇತ್ರ ನಾಟಕ ಈಗ ಮೊಬೈಲಿನಿಂದ ಮೊಬೈಲಿಗೆ ಹೀಗೆ ಹರಿದಾಡುತ್ತಿದೆ. ತಪ್ಪು ಬರೆದವರದಲ್ಲ, ಆಡಿದವರದಲ್ಲ. ಆರು ಕ್ಯಾಸೆಟ್ಟುಗಳಲ್ಲಿದ್ದ ನಾಟಕವನ್ನು ಯಾರೋ ಕಂಪ್ಯೂಟರಿಗೆ ಏರಿಸಿ, ಫೈಲುಗಳಿಗೆ ‘ಮೊದಲನೇ ಭಾಗ’, ‘ಎರಡನೇ ಭಾಗ’ ಎಂದು ಅಚ್ಚಗನ್ನಡದಲ್ಲಿ ಹೆಸರಿಟ್ಟರು. ಮೊಬೈಲ್ ಅಂಕಿ ಕಂಡರೆ ಅಂಕಿಯ ಕ್ರಮ ಹಿಡಿಯುತ್ತದೆ, ಅಕ್ಷರ ಕಂಡರೆ ಅಕ್ಷರಮಾಲೆಯ ಕ್ರಮ. ಆ ಮೊದಲು, ಎ ಆಮೇಲೆ, ಅದರ ಹಿಂದೆ ಐ, ನಂತರ ನ, ಕೊನೆಗೆ ಮ. ಹಾಗಾಗಿ ಆರನೇ ಭಾಗ ಎಲ್ಲಕ್ಕಿಂತ ಮುಂದೆ ಬಂತು. ಎರಡನೆಯದು, ಐದನೆಯದು, ನಾಲ್ಕನೆಯದು, ಮೂರನೆಯದು ಅದರ ಬೆನ್ನಿಗೆ ನಿಂತವು. ಮೊದಲನೇ ಭಾಗ ಕೊನೆಗೆ ಬಿತ್ತು. ಹೆಸರಿಟ್ಟವರು ಶ್ರದ್ಧೆಯಿಂದಲೇ ಇಟ್ಟಿದ್ದಾರೆ. ಆದರೆ ಆ ನಾಟಕವನ್ನು ಕಂಡಿರದ ಹುಡುಗ ಇವತ್ತು ಅದನ್ನು ಕೇಳಿದರೆ, ನಮ್ಮ ಹಿರಿಯರಿಗೆ ಕಥೆ ಕಟ್ಟಲು ಬರುತ್ತಿರಲಿಲ್ಲ ಅಂದುಕೊಳ್ಳುತ್ತಾನೆ. ಅದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ಮೊದಲು ಕ್ಯಾಸೆಟ್ ಮಾರುತ್ತಿದ್ದೆ, ಖಾಲಿ ಕ್ಯಾಸೆಟ್ಟಿಗೆ ಕೇಳಿದ ಹಾಡು ತುಂಬಿಸಿ ಕೊಡುತ್ತಿದ್ದೆ. ಆಮೇಲೆ ಸೀಡಿ ಬಂತು, ಅದರ ಹಿಂದೆ ಮೆಮೊರಿ ಕಾರ್ಡಿಗೆ ಹಾಡು ಹಾಕುವ ಕಾಲ ಬಂತು. ಈಗ ಝೆರಾಕ್ಸು, ಆನ್‌ಲೈನ್ ಅರ್ಜಿಗಳ ನಡುವೆ ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿ ಕೊಡುತ್ತೇನೆ. ತೆಕ್ಕಲಕೋಟೆ, ಸಿರಿಗೇರಿ, ಕರೂರು, ಹಚ್ಚೊಳ್ಳಿ, ರಾರಾವಿ, ಆ ಕಡೆ ಕುರುಗೋಡಿನಿಂದಲೂ ಜನ ಕೈಚೀಲದಲ್ಲಿ ಕ್ಯಾಸೆಟ್ ತುಂಬಿಕೊಂಡು ಬರುತ್ತಾರೆ. ‘ಯಣ್ಣಾ, ಇದ್ರಾಗ ನಮ್ಮಪ್ಪನ ಪಾರ್ಟ್ ಐತಿ, ಮೊಬೈಲಿಗೆ ಹಾಕ್ಕೊಡು’ ಅನ್ನುತ್ತಾರೆ. ಹೀಗೆ ಬರುವವರ ಜೊತೆ ಕೂತು ಕೆಲಸ ಮಾಡುತ್ತ ಬಂದದ್ದರಿಂದ ನನಗೊಂದು ಮಾತು ಗಟ್ಟಿಯಾಗಿದೆ. ಹಲವು ಕ್ಯಾಸೆಟ್, ಹಲವು ಸೀಡಿಗಳಲ್ಲಿ ಹಂಚಿಹೋದ ಕೃತಿ ಡಿಜಿಟಲ್ ಆದಾಗ ಒಂದೇ ಕೃತಿಯಾಗಿ ಉಳಿಯಬೇಕು. ಕ್ಯಾಸೆಟ್ಟಿನ ಸಂಖ್ಯೆ ಸಂಖ್ಯೆಯ ಜಾಗದಲ್ಲಿರಬೇಕು, ಹೆಸರಿನ ಜಾಗಕ್ಕೆ ಬರಬಾರದು. ಹಾಡಿದವರ ಹೆಸರು ಹಾಡಿನ ಜೊತೆಗೇ ಹೋಗಬೇಕು. ಅಂಗಡಿಯವನಾದ ನನಗೆ ಹೇಗೋ ಹಾಗೆಯೇ ವಿಶ್ವವಿದ್ಯಾಲಯಕ್ಕೆ, ಅಕಾಡೆಮಿಗೆ, ಆಡಿಯೊ ಕಂಪನಿಗೂ ಇದು ಕಟ್ಟುನಿಟ್ಟಿನ ಕರ್ತವ್ಯ ಎಂದು ನಾನು ನಂಬಿದ್ದೇನೆ.

ಕೃತಿ ಒಂದು, ತಟ್ಟೆ ಹಲವು ಎಂಬ ತೊಡಕು ಗ್ರಾಮಫೋನಿನಷ್ಟೇ ಹಳೆಯದು. ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ದಕ್ಷಿಣ ಭಾರತದಲ್ಲಿ ನಾಟಕಗಳು ಹಲವು ಪ್ಲೇಟುಗಳ ಸೆಟ್ಟಾಗಿಯೇ ಮಾರಾಟವಾಗುತ್ತಿದ್ದವು. ಪ್ಲೇಟುಗಳನ್ನು ಒಂದರ ಮೇಲೊಂದು ತಾನೇ ಬೀಳಿಸುವ ಚೇಂಜರ್ ಯಂತ್ರ ಬಂದಾಗ ಪಾಶ್ಚಾತ್ಯ ಕಂಪನಿಗಳು ಅದಕ್ಕೆಂದೇ ಬೇರೆ ಜೋಡಣೆ ಮಾಡಿದವು. ಮೂರು ಪ್ಲೇಟಿನ ಸೆಟ್ಟಾದರೆ ಒಂದನೇ ಬದಿಯ ಹಿಂದೆ ಆರನೆಯದು, ಎರಡರ ಹಿಂದೆ ಐದು, ಮೂರರ ಹಿಂದೆ ನಾಲ್ಕು. ಮೂರನ್ನೂ ಕೇಳಿ, ಇಡೀ ಅಟ್ಟಿಯನ್ನು ಒಮ್ಮೆ ಮಗುಚಿ ಹಾಕಿದರೆ ಮಿಕ್ಕ ಮೂರು ಬದಿ ಸರಿಯಾದ ಕ್ರಮದಲ್ಲೇ ಬರುತ್ತಿದ್ದವು. ಅಂಥ ಸೆಟ್ಟನ್ನು ಇವತ್ತು ಗುಟ್ಟು ತಿಳಿಯದವರು ಒಂದೊಂದೇ ಪ್ಲೇಟಿನ ಎರಡೂ ಬದಿ ತೆಗೆದು ಕಂಪ್ಯೂಟರಿಗೆ ಏರಿಸಿದರೆ ಒಂದಾದ ಮೇಲೆ ಆರು, ಎರಡಾದ ಮೇಲೆ ಐದು ಬಂದು ಕೂರುತ್ತದೆ. 1948ರಲ್ಲಿ ಎಲ್‌ಪಿ ಬಂದು ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ ಸಿಕ್ಕಿತು. 1963ರಲ್ಲಿ ಫಿಲಿಪ್ಸ್ ಕ್ಯಾಸೆಟ್ ತಂದಿತು. 1982ರಲ್ಲಿ ಮಾರುಕಟ್ಟೆಗೆ ಬಂದ ಸೀಡಿ 74 ನಿಮಿಷಕ್ಕೆ ನಿಂತಿತು.

ಈ ಅಳತೆಗಳಲ್ಲಿ ಯಾವುದೂ ನಮ್ಮ ಆಟಕ್ಕೆ ಸಾಲುವಂಥದ್ದಲ್ಲ. ರಾತ್ರಿ ಹತ್ತಕ್ಕೆ ಪರದೆ ಎದ್ದರೆ ಬೆಳಗಿನ ನಾಲ್ಕಕ್ಕೆ ಮಂಗಳ. ಮೈಕ್‌ಸೆಟ್‌ನವರು ಆಂಪ್ಲಿಫೈಯರ್ ಪಕ್ಕದಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು, ಅರವತ್ತು ನಿಮಿಷದ ಕ್ಯಾಸೆಟ್ಟುಗಳನ್ನು ಒಂದಾದ ಮೇಲೊಂದು ಹಾಕುತ್ತ, ಅರ್ಧ ಗಂಟೆಗೊಮ್ಮೆ ಬದಿ ತಿರುವುತ್ತ ಬೆಳಗು ಮಾಡುತ್ತಿದ್ದರು. ನಾನು ಹೇಳಿದ ಕುರುಕ್ಷೇತ್ರದ ಆರು ಕ್ಯಾಸೆಟ್ಟೂ ಹಾಗೆ ಆದವು. ಮೂಲ ಕ್ಯಾಸೆಟ್ಟುಗಳನ್ನು ಆಮೇಲೆ ಆ ಊರಿನ ಹಾರ್ಮೋನಿಯಂ ಮಾಸ್ತರರ ಮಗ ನನ್ನ ಹತ್ತಿರ ತಂದುಕೊಟ್ಟ. ಲೇಬಲ್ಲಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ‘ಕುರುಕ್ಷೇತ್ರ 1’, ‘ಕುರುಕ್ಷೇತ್ರ 2’ ಎಂದಷ್ಟೇ ಇದೆ. ಮೂರನೆಯದರ ಮೇಲೆ ಅಂಕಿ ಅಳಿಸಿದೆ. ಅದು ಮೂರನೆಯದು ಎಂದು ಗೊತ್ತಾದದ್ದು ಕುಂತಿ-ಕರ್ಣರ ಸನ್ನಿವೇಶ ಅದರಲ್ಲಿದ್ದದ್ದರಿಂದ.

ಮೊದಲನೇ ಕ್ಯಾಸೆಟ್ಟಿನ ಬಿ ಸೈಡಿನ ಕೊನೆಯಲ್ಲಿ ದ್ರೌಪದಿ ಬಿಚ್ಚಿದ ಮುಡಿ ತೋರಿಸಿ ಕೃಷ್ಣನ ಮುಂದೆ ಹಾಡುತ್ತಾಳೆ. ಪಲ್ಲವಿ ಎರಡು ಸಲ ಬರುತ್ತದೆ, ಹಾರ್ಮೋನಿಯಂ ಮೇಲಿನ ಷಡ್ಜಕ್ಕೆ ಏರುತ್ತದೆ, ಅಷ್ಟರಲ್ಲಿ ಟೇಪು ತೀರುತ್ತದೆ. ಹೊಸ ಕ್ಯಾಸೆಟ್ ಹಾಕಿ ಗುಂಡಿ ಒತ್ತುವಷ್ಟರಲ್ಲಿ ಚರಣದ ಮೊದಲ ಸಾಲು ಹೋಗಿಬಿಟ್ಟಿದೆ. ಎರಡನೇ ಕ್ಯಾಸೆಟ್ ಆಕೆಯ ಅರ್ಧ ಮಾತಿನಿಂದಲೇ ಶುರುವಾಗುತ್ತದೆ. ಆರು, ಎರಡು, ಐದು, ನಾಲ್ಕು, ಮೂರು, ಒಂದು ಎಂದು ಓಡುವ ಮೊಬೈಲಿನಲ್ಲಿ ಈ ಹಾಡಿನ ಉತ್ತರಾರ್ಧ ಎರಡನೆಯದಾಗಿ ಬಂದು, ಪೂರ್ವಾರ್ಧಕ್ಕಾಗಿ ನಾಲ್ಕು ಗಂಟೆಗೂ ಹೆಚ್ಚು ಕಾಯಬೇಕು.

ನಾನು ಅದನ್ನು ಹೇಗೆ ಸರಿ ಮಾಡಿದೆ ಎಂದು ಹೇಳುತ್ತೇನೆ, ಮನೆಯಲ್ಲಿ ಕೂತು ಈ ಕೆಲಸ ಮಾಡುವವರಿಗೆ ಉಪಯೋಗಕ್ಕೆ ಬಂದೀತು. ಪ್ರತಿ ಹಾಡಿನ ಫೈಲಿನೊಳಗೆ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತದೆ, ಅದನ್ನು ಟ್ಯಾಗ್ ಅನ್ನುತ್ತಾರೆ. 1996ರಲ್ಲಿ ಎಂಪಿತ್ರೀಗೆ ಇಂಥ ಚೀಟಿ ಮೊದಲು ಬಂದಾಗ ಹಾಡಿನ ಹೆಸರಿಗೆ ಮೂವತ್ತು ರೋಮನ್ ಅಕ್ಷರದ ಜಾಗ, ಆಲ್ಬಮ್ಮಿಗೆ ಮೂವತ್ತು, ಅಷ್ಟೇ. ಎಷ್ಟನೇ ಡಿಸ್ಕ್ ಎಂದು ಬರೆಯಲು ಜಾಗವೇ ಇರಲಿಲ್ಲ. ಹಾಗಾಗಿ ಜನ ಆಲ್ಬಮ್ಮಿನ ಹೆಸರಿಗೇ ‘ಡಿಸ್ಕ್ 1’, ‘ಡಿಸ್ಕ್ 2’ ಎಂದು ಅಂಟಿಸತೊಡಗಿದರು. 1998ರ ಹೊಸ ಆವೃತ್ತಿಯಲ್ಲಿ ಡಿಸ್ಕ್ ಸಂಖ್ಯೆಗೆಂದೇ ಪ್ರತ್ಯೇಕ ಮನೆ ಬಂತು. ಒಟ್ಟು ಆರರಲ್ಲಿ ಇದು ಎಷ್ಟನೆಯದು ಎಂದು 2/6 ಎಂಬ ರೂಪದಲ್ಲಿ ಬರೆಯಬಹುದು. ಅದು ಬಂದು ಇಷ್ಟು ವರ್ಷವಾದರೂ ಹಳೇ ಅಭ್ಯಾಸ ಮಾತ್ರ ಹೋಗಿಲ್ಲ.

ಆರೂ ಕ್ಯಾಸೆಟ್ಟುಗಳಿಗೆ ಆಲ್ಬಮ್ ಹೆಸರು ಒಂದೇ ಇಟ್ಟೆ: ಕುರುಕ್ಷೇತ್ರ, ಅದರ ಪಕ್ಕದಲ್ಲಿ ಊರಿನ ಹೆಸರು, ಆಡಿದ ವರ್ಷ. ಡಿಸ್ಕ್ ಸಂಖ್ಯೆಯ ಮನೆಯಲ್ಲಿ ಒಂದರಿಂದ ಆರು. ಹಾಡಿನ ಸಂಖ್ಯೆ ಪ್ರತಿ ಕ್ಯಾಸೆಟ್ಟಿಗೂ ಮತ್ತೆ ಒಂದರಿಂದ. ಎ ಸೈಡು, ಬಿ ಸೈಡು ಎಂದು ಒಡೆಯಲಿಲ್ಲ, ಬಿ ಸೈಡಿನ ಹಾಡುಗಳ ಎಣಿಕೆ ಎ ಸೈಡಿನಿಂದ ಮುಂದುವರಿಯುತ್ತದೆ. ಕೆಲವು ಕಾರ್ ಸ್ಟೀರಿಯೊ, ಟ್ರ್ಯಾಕ್ಟರಿನ ಪ್ಲೇಯರುಗಳು ಟ್ಯಾಗನ್ನು ಓದುವುದೇ ಇಲ್ಲ, ಫೈಲಿನ ಹೆಸರನ್ನಷ್ಟೇ ನೋಡುತ್ತವೆ. ಅದಕ್ಕಾಗಿ ಫೈಲಿನ ಹೆಸರೂ ಅಂಕಿಯಿಂದಲೇ ಶುರು: 01-01, 01-02, 02-01. ಮುಂದಿನ ಸೊನ್ನೆ ಮರೆಯಬಾರದು. ಸೊನ್ನೆ ಇಲ್ಲದಿದ್ದರೆ ಎಷ್ಟೋ ಪ್ಲೇಯರುಗಳಲ್ಲಿ ಒಂದರ ಹಿಂದೆ ಹತ್ತು ಬರುತ್ತದೆ, ಆಮೇಲೆ ಎರಡು. ಕನ್ನಡದ ಹೆಸರುಗಳನ್ನು ಯೂನಿಕೋಡಿನಲ್ಲೇ ಬರೆಯಬೇಕು. ಹಳೇ ಡಿಟಿಪಿ ಅಕ್ಷರಶೈಲಿಯಲ್ಲಿ ಬರೆದದ್ದು ಮೊಬೈಲಿನಲ್ಲಿ ಇಂಗ್ಲಿಷಿನ ಕಸವಾಗಿ ಕಾಣುತ್ತದೆ. ಧ್ವನಿ ಕತ್ತರಿಸಲು ಅಡಾಸಿಟಿ, ಚೀಟಿ ಬರೆಯಲು ಎಂಪಿತ್ರೀಟ್ಯಾಗ್, ಎರಡೂ ಪುಕ್ಕಟೆ ಸಿಗುತ್ತವೆ.

ಕತ್ತರಿಸಿಹೋದ ದ್ರೌಪದಿಯ ಹಾಡನ್ನು ನಾನು ಅಂಟಿಸಲಿಲ್ಲ. ಎರಡು ತುಂಡನ್ನೂ ಜೋಡಿಸಿ, ನಡುವೆ ಹಾರ್ಮೋನಿಯಂ ಎಳೆದು, ಹೋದ ಸಾಲು ಹೋದದ್ದೇ ಗೊತ್ತಾಗದಂತೆ ಮಾಡಬಹುದಿತ್ತು. ಹಾಗೆ ಮಾಡಿದರೆ ಮುಂದೆ ಕೇಳುವವರು ಆ ಹಾಡು ಇದ್ದದ್ದೇ ಇಷ್ಟು ಎಂದು ತಿಳಿಯುತ್ತಾರೆ. ಎರಡೂ ತುಂಡನ್ನು ಅವವುಗಳ ಜಾಗದಲ್ಲಿ ಬಿಟ್ಟು, ಟಿಪ್ಪಣಿಯ ಮನೆಯಲ್ಲಿ ‘ಕ್ಯಾಸೆಟ್ ಬದಲಿಸುವಾಗ ಚರಣದ ಒಂದು ಸಾಲು ದಾಖಲಾಗಿಲ್ಲ’ ಎಂದು ಬರೆದೆ.

ನನ್ನ ಅಂಗಡಿಗೆ ಬರುವ ಹುಡುಗರು ಇದಕ್ಕೆ ಒಂದು ತಕರಾರು ತೆಗೆಯುತ್ತಾರೆ. ಕ್ಯಾಸೆಟ್ಟೇ ಇಲ್ಲದ ಮೇಲೆ ಕ್ಯಾಸೆಟ್ಟಿನ ಸಂಖ್ಯೆ ಯಾಕಣ್ಣಾ, ಎಲ್ಲ ಹಾಡಿಗೂ ಒಂದರಿಂದ ಕೊನೆಯವರೆಗೆ ಉದ್ದಕ್ಕೂ ನಂಬರ್ ಕೊಟ್ಟುಬಿಡು ಅನ್ನುತ್ತಾರೆ. ತಕರಾರಿನಲ್ಲಿ ಹುರುಳಿದೆ. ಕಥೆ ಅರ್ಧ ಗಂಟೆಗೊಮ್ಮೆ ನಿಲ್ಲುವುದಿಲ್ಲ, ನಿಲ್ಲಿಸಿದ್ದು ಪ್ಲಾಸ್ಟಿಕ್ಕು. ಆ ಪ್ಲಾಸ್ಟಿಕ್ಕಿನ ಅಳತೆಯನ್ನು ನಾವು ಯಾಕೆ ಹೊರಬೇಕು? ಆದರೆ ಆ ನಾಟಕ ಕೇಳುತ್ತ ಬಂದವರ ನೆನಪು ಆ ಅಳತೆಯಲ್ಲೇ ಇದೆ. ಮಾಸ್ತರರ ಮಗ ‘ಅಪ್ಪ ನಾಲ್ಕನೇ ಕ್ಯಾಸೆಟ್ಟಿನ ಬಿ ಸೈಡಿನಾಗ ಒಂದು ಕಂದ ನುಡಿಸ್ಯಾನ, ಅದು ಬೇಕು’ ಎಂದೇ ಕೇಳಿದ್ದು. ಉದ್ದಕ್ಕೂ ಎಣಿಸಿಬಿಟ್ಟರೆ ಆ ಕಂದವನ್ನು ಹುಡುಕುವ ದಾರಿ ಮುಚ್ಚಿಹೋಗುತ್ತದೆ. ಇನ್ನೊಂದು ಮನೆಯಲ್ಲಿ ಅದೇ ನಾಟಕದ ಮೂರನೇ ಕ್ಯಾಸೆಟ್ ಚೆನ್ನಾಗಿ ಉಳಿದಿದ್ದರೆ, ನಮ್ಮಲ್ಲಿ ಬೂಷ್ಟು ಹಿಡಿದಿದ್ದರೆ, ಅದಲು ಬದಲು ಮಾಡಲೂ ಸಂಖ್ಯೆ ಬೇಕು. ಹಾಗಾಗಿ ಸಂಖ್ಯೆ ಇರಲಿ. ಅದು ಕೃತಿಯನ್ನು ಆರು ಹೋಳು ಮಾಡದಿರಲಿ.

ಪ್ರಪಂಚದ ದೊಡ್ಡ ಭಂಡಾರಗಳೂ ಈ ತೀರ್ಮಾನಕ್ಕೆ ತಡವಾಗಿಯೇ ಬಂದವು. ಮ್ಯೂಸಿಕ್‌ಬ್ರೈನ್ಜ್ ಎಂಬ ಜಾಲಕೋಶವಿದೆ. ಸೀಡಿಗಳ ವಿವರಗಳನ್ನು ಸಾವಿರಾರು ಜನ ಬಿಟ್ಟಿಯಾಗಿ ಟೈಪು ಮಾಡಿ ತುಂಬಿದ್ದ ಸೀಡಿಡಿಬಿ ಎಂಬ ಭಂಡಾರ ವ್ಯಾಪಾರಕ್ಕೆ ಬಿದ್ದಾಗ, ಜನ ಸೇರಿಸಿದ್ದು ಜನರಲ್ಲೇ ಇರಲಿ ಎಂದು ರಾಬರ್ಟ್ ಕೇ ಎಂಬಾತ 2000ದ ಸುಮಾರಿಗೆ ಶುರು ಮಾಡಿದ್ದು. ಅಲ್ಲಿಯೂ ಮೊದಲು ಎರಡು ಸೀಡಿಯ ಆಲ್ಬಮ್ ಎರಡು ಬೇರೆ ಬೇರೆ ಆಲ್ಬಮ್ಮುಗಳಾಗಿ ದಾಖಲಾಗುತ್ತಿತ್ತು, ಹೆಸರಿನ ಬಾಲದಲ್ಲಿ ಡಿಸ್ಕ್ ಸಂಖ್ಯೆ ಇರುತ್ತಿತ್ತು. 2011ರಲ್ಲಿ ಇಡೀ ಕೋಶದ ಅಡಿಪಾಯವನ್ನೇ ಬದಲಿಸಿ, ಆಲ್ಬಮ್ ಒಂದು, ಅದರೊಳಗೆ ಡಿಸ್ಕುಗಳು ಹಲವು ಎಂದು ಮಾಡಿದರು. ಆದರೆ ಹಾಡು ಕೇಳಿಸುವ ಆ್ಯಪುಗಳಲ್ಲಿ ನಮ್ಮ ಭಾಷೆಯ ನಾಟಕ, ಪುರಾಣ, ಹರಿಕಥೆಗಳ ಸೆಟ್ಟುಗಳು ಇಂದಿಗೂ ವಾಲ್ಯೂಮ್ 1, ವಾಲ್ಯೂಮ್ 2 ಎಂದು ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿದ್ದಿರುತ್ತವೆ. ಎರಡನೆಯದು ಸಿಗುತ್ತದೆ, ಮೊದಲನೆಯದು ಇನ್ನೆಲ್ಲೋ ಇನ್ನೊಬ್ಬರ ಹೆಸರಿನಲ್ಲಿ ಇರುತ್ತದೆ.

ಪ್ಲಾಸ್ಟಿಕ್ಕಿನ ಅಳತೆ ಬೇರೆ, ಕಲೆಯ ಅಳತೆ ಬೇರೆ ಎಂದು ನನಗೆ ಸ್ಪಷ್ಟವಾದದ್ದು ಬುರ್ರಕಥೆಯಿಂದ. ನಮ್ಮದೇ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಅಲೆಮಾರಿ ಸಮುದಾಯದಲ್ಲಿ ಹುಟ್ಟಿ, ಅಕ್ಷರ ಕಲಿಯದೆ, ಹನ್ನೆರಡು ಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಂದ ಹಾಡಿಸಿ, ಬರೆಸಿ, ಅಚ್ಚು ಹಾಕಿಸಿತು. ಅದು ಸಾವಿರಾರು ಪುಟವಾಯಿತು. 2003ರಲ್ಲಿ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡರು. ಅವರ ಕಾವ್ಯಗಳಲ್ಲಿ ಕುಮಾರರಾಮನದೂ ಒಂದು. ಸಿರುಗುಪ್ಪದಿಂದ ಹೊಳೆ ಹಿಡಿದು ಮೇಲಕ್ಕೆ ಹೋದರೆ ಸಿಗುವ ಕಂಪ್ಲಿಯ ರಾಜಕುಮಾರ ಅವನು. 1327ರ ಸುಮಾರಿಗೆ ತುಘಲಕನ ಸೈನ್ಯಕ್ಕೆ ಆ ರಾಜ್ಯ ಬಿದ್ದರೂ ಏಳು ಶತಮಾನ ಜನರ ಬಾಯಲ್ಲಿ ಉಳಿದವನು. ಇಂಥ ಕಥೆ ಒಂದು ರಾತ್ರಿಗೆ ಮುಗಿಯುವುದಿಲ್ಲ. ಕಥೆಗಾರ್ತಿ ಎಲ್ಲಿ ನಿಲ್ಲಿಸಿ ನಾಳೆ ಬನ್ನಿ ಅನ್ನುತ್ತಾಳೋ ಅದೇ ಅದರ ನಿಜವಾದ ಅಂಚು. ಆ ಅಂಚನ್ನು ಗುರುತಿಸುವವಳು ಹಾಡುವವಳೇ ಹೊರತು ಟೇಪು ತಯಾರಿಸಿದ ಕಾರ್ಖಾನೆಯಲ್ಲ.

ಯುರೋಪಿನಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಜರ್ಮನಿಯ ವಾಗ್ನರ್ ನಾಲ್ಕು ರಾತ್ರಿಯ ಒಂದು ಸಂಗೀತ ನಾಟಕ ಬರೆದ. ಡೆಕ್ಕಾ ಕಂಪನಿ ಅದನ್ನು ಗೇಯಾರ್ಗ್ ಶೋಲ್ಟಿಯ ನಿರ್ದೇಶನದಲ್ಲಿ 1958ರಿಂದ 1965ರವರೆಗೆ ಧ್ವನಿಮುದ್ರಿಸಿತು. ಎಲ್‌ಪಿಯಲ್ಲಿ ಅದು 19 ಪ್ಲೇಟು, ಆಮೇಲಿನ ಸೀಡಿ ಸೆಟ್ಟಿನಲ್ಲಿ 14 ಡಿಸ್ಕು. ಪ್ಲೇಟಿನ ಲೆಕ್ಕ ಬದಲಾಯಿತು, ರಾತ್ರಿ ಮಾತ್ರ ನಾಲ್ಕೇ. ಹಾಗಾಗಿ ತಿಳಿದವರು ಅದನ್ನು ನಾಲ್ಕು ಆಲ್ಬಮ್ ಮಾಡಿಡುತ್ತಾರೆ: ಮೊದಲ ರಾತ್ರಿಗೆ ಎರಡು ಡಿಸ್ಕು, ಉಳಿದ ಮೂರು ರಾತ್ರಿಗೆ ನಾಲ್ಕು ನಾಲ್ಕು. ನಾಲ್ಕನ್ನೂ ಕಟ್ಟಿಹಾಕುವ ದೊಡ್ಡ ಹೆಸರು ಗ್ರೂಪಿಂಗ್ ಎಂಬ ಇನ್ನೊಂದು ಮನೆಯಲ್ಲಿ. ನಮ್ಮ ಬುರ್ರಕಥೆಗೂ ದೊಡ್ಡಾಟಕ್ಕೂ ಇದಕ್ಕಿಂತ ಒಪ್ಪುವ ಏರ್ಪಾಟು ನನಗೆ ಕಂಡಿಲ್ಲ. ಕಾವ್ಯದ ಹೆಸರು ಮೇಲೆ, ಒಂದೊಂದು ರಾತ್ರಿಗೆ ಒಂದೊಂದು ಆಲ್ಬಮ್, ಆ ರಾತ್ರಿಯ ಕ್ಯಾಸೆಟ್ಟುಗಳು ಡಿಸ್ಕ್ ಸಂಖ್ಯೆಯಾಗಿ. ಕಾಸರಗೋಡಿನ ಕಡೆ ತಾಳಮದ್ದಲೆಗಳ ಕ್ಯಾಸೆಟ್ ಕೂಡಿಟ್ಟವರಿಗೆ ಈ ಕೆಲಸ ನಮಗಿಂತ ಸುಲಭ. ಒಂದು ಪ್ರಸಂಗ ಒಂದೇ ಕೂಟದಲ್ಲಿ ಮುಗಿಯುತ್ತದೆ, ಅರ್ಥಧಾರಿಗಳ ಹೆಸರನ್ನು ಅಲ್ಲಿನ ಕೇಳುಗರು ಮರೆಯುವುದೂ ಇಲ್ಲ.

ಹೆಸರಿನ ವಿಷಯಕ್ಕೆ ಬಂದರೆ ನನ್ನ ಮನಸ್ಸು ಕುದಿಯುತ್ತದೆ. ನಮ್ಮ ಕಡೆ ಊರ ನಾಟಕದಲ್ಲಿ ಗಂಡುಪಾತ್ರ ಊರಿನವರದು, ಸ್ತ್ರೀಪಾತ್ರಕ್ಕೆ ಹೊರಗಿನಿಂದ ವೃತ್ತಿ ಕಲಾವಿದೆಯರನ್ನು ಕರೆಸುತ್ತಾರೆ. ಒಂದೆರಡು ದಿನ ಮೊದಲು ಬಂದು, ಮಾಸ್ತರರ ಜೊತೆ ಒಂದೆರಡು ಸಲ ಮಟ್ಟು ನೋಡಿಕೊಂಡು, ರಾತ್ರಿಯಿಡೀ ದ್ರೌಪದಿಯಾಗಿ, ಕುಂತಿಯಾಗಿ, ಉತ್ತರೆಯಾಗಿ ಹಾಡಿ, ಬೆಳಗಿನ ಬಸ್ಸಿಗೆ ಹೋದವರು ಅವರು. ಊರಿನ ದುರ್ಯೋಧನನ ಹೆಸರು ಇವತ್ತಿಗೂ ಎಲ್ಲರ ಬಾಯಲ್ಲಿದೆ. ಅವನ ಮನೆಯವರು ಕ್ಯಾಸೆಟ್ ಉಳಿಸಿದ್ದಾರೆ, ಫೈಲಿನ ಮೇಲೆ ಅವನ ಹೆಸರೇ ಇರುತ್ತದೆ. ಎರಡೇ ಸಾಲಿಗೆ ಸಭೆಯನ್ನು ಅಳಿಸಿದ ದ್ರೌಪದಿಯ ಹೆಸರು ಎಲ್ಲೂ ಇಲ್ಲ. ಸುಭದ್ರಮ್ಮ ಮನ್ಸೂರು ಅವರಂಥ ದೊಡ್ಡ ಕಲಾವಿದೆ ಬಳ್ಳಾರಿಯಲ್ಲಿ ಬದುಕಿದ್ದರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯ ದ್ರೌಪದಿ ಎಂದರೆ ನಮ್ಮ ಸೀಮೆಯವರ ಕಣ್ಣಿಗೆ ಬರುವುದು ಅವರೇ. 2020ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಬರೆದವು. ಅವರಷ್ಟು ಹೆಸರು ಪಡೆಯದ, ಆದರೆ ಅದೇ ದಾರಿಯಲ್ಲಿ ಊರೂರು ಹಾಡಿದ ಎಷ್ಟೋ ಹೆಂಗಸರ ದನಿ ಈ ಕ್ಯಾಸೆಟ್ಟುಗಳಲ್ಲಿ ಮಾತ್ರ ಇದೆ.

ಟ್ಯಾಗಿನಲ್ಲಿ ಇವರಿಗೆ ಜಾಗವಿದೆ. ಕಲಾವಿದರ ಮನೆ ಎರಡು. ಒಂದು ಇಡೀ ಆಲ್ಬಮ್ಮಿಗೆ, ಇನ್ನೊಂದು ಆಯಾ ಹಾಡಿಗೆ. ಆಲ್ಬಮ್ಮಿನ ಮನೆಯಲ್ಲಿ ಊರಿನ ನಾಟಕ ಮಂಡಳಿಯ ಹೆಸರು ಎಲ್ಲ ಹಾಡಿಗೂ ಒಂದೇ ಆಗಿ ಇರಬೇಕು. ಇದನ್ನು ಖಾಲಿ ಬಿಟ್ಟರೆ ಹಾಡಿದವರೊಬ್ಬೊಬ್ಬರ ಹೆಸರಿಗೂ ಒಂದೊಂದು ಆಲ್ಬಮ್ ಹುಟ್ಟಿ ನಾಟಕ ಚೂರುಚೂರಾಗುತ್ತದೆ. ಹಾಡಿನ ಮನೆಯಲ್ಲಿ ಹಾಡಿದವರ ಸ್ವಂತ ಹೆಸರು, ಪಾತ್ರದ ಹೆಸರಲ್ಲ. ಹಾರ್ಮೋನಿಯಂ, ತಬಲಾದವರ ಹೆಸರು ಟಿಪ್ಪಣಿಯಲ್ಲಿ. ಹೆಸರು ಸಿಗದಿದ್ದರೆ ‘ದ್ರೌಪದಿ ಪಾತ್ರಧಾರಿ, ಹೆಸರು ತಿಳಿದಿಲ್ಲ’ ಎಂದಾದರೂ ಬರೆಯಿರಿ. ಖಾಲಿ ಬಿಟ್ಟರೆ ಹುಡುಕಬೇಕೆಂಬುದೇ ಯಾರಿಗೂ ಹೊಳೆಯುವುದಿಲ್ಲ.

ಹೆಸರು ಸಿಗುವ ಒಂದು ದಾರಿ ಕ್ಯಾಸೆಟ್ಟಿನೊಳಗೇ ಇದೆ, ಮತ್ತು ಜನ ಅದನ್ನೇ ಕತ್ತರಿಸಿ ಎಸೆಯುತ್ತಾರೆ. ಹಾಡು ಚೆನ್ನಾಗಿ ಬಂತೆಂದರೆ ನಡುವೆ ನಾಟಕ ನಿಲ್ಲಿಸಿ ಮೈಕಿನಲ್ಲಿ ಮೆಚ್ಚುಗೆ ಕಾಣಿಕೆ ಕೂಗುತ್ತಾರೆ. ಇಂಥ ಓಣಿಯ ಇಂಥವರು ದ್ರೌಪದಿ ಪಾತ್ರ ಮಾಡಿದ ಇಂಥ ಊರಿನ ಇಂಥ ಅಮ್ಮನವರಿಗೆ ಐವತ್ತೊಂದು ರೂಪಾಯಿ ಕೊಟ್ಟಿದ್ದಾರೆ, ಅವರಿಗೆ ಮಂಡಳಿಯಿಂದ ವಂದನೆಗಳು ಎಂದು. ಕೇಳುವವರಿಗೆ ಬೇಸರ ಎಂದು ಇದನ್ನು ತೆಗೆಸುತ್ತಾರೆ. ದಯವಿಟ್ಟು ತೆಗೆಯಬೇಡಿ. ಎರಡನೇ ಕ್ಯಾಸೆಟ್ಟಿನ ಎ ಸೈಡಿನಲ್ಲಿ ಅಂಥದೊಂದು ಕೂಗಿನಿಂದಲೇ ಈ ನಾಟಕದ ದ್ರೌಪದಿಯ ಹೆಸರು ಮತ್ತು ಊರು ನನಗೆ ಸಿಕ್ಕಿತು. ಅದೇ ಕೂಗಿನಲ್ಲಿ ಕಾಣಿಕೆ ಕೊಟ್ಟವನ ಹೆಸರು ಕೇಳಿ ಮಾಸ್ತರರ ಮಗ, ‘ಅದು ನಮ್ಮ ತಾತ’ ಎಂದು ಮತ್ತೆ ಮತ್ತೆ ಹಾಕಿಸಿದ. ಅದನ್ನು ಪ್ರತ್ಯೇಕ ತುಂಡಾಗಿ ಕತ್ತರಿಸಿ, ‘ಕಾಣಿಕೆ ಪ್ರಕಟಣೆ’ ಎಂದು ಹೆಸರಿಟ್ಟು, ಅದರದೇ ಸಂಖ್ಯೆ ಕೊಟ್ಟು ಇದ್ದ ಜಾಗದಲ್ಲೇ ಇಟ್ಟಿದ್ದೇನೆ. ಬೇಡವಾದವರು ಮುಂದಿನ ಹಾಡಿಗೆ ಹೋಗಬಹುದು.

ಜಾಗ ಸಾಲುವುದಿಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. ಆರು ಗಂಟೆಯ ನಾಟಕ ಸಾಮಾನ್ಯ ಎಂಪಿತ್ರೀಯಲ್ಲಿ 350 ಎಂಬಿ ಆಗುತ್ತದೆ, ಸೀಡಿ ಗುಣಮಟ್ಟದ ಕಚ್ಚಾ ಧ್ವನಿಯಾಗಿ ಇಟ್ಟರೆ ಮೂರೂವರೆ ಜಿಬಿ. ಮೂಲವನ್ನು ಫ್ಲ್ಯಾಕ್ ರೂಪದಲ್ಲಿ ಇಟ್ಟುಕೊಂಡರೆ ಧ್ವನಿ ಏನೂ ಕೆಡದೆ ಅದಕ್ಕಿಂತ ಕಡಿಮೆ ಜಾಗ ಹಿಡಿಯುತ್ತದೆ, ಚೀಟಿಯೂ ಅದರಲ್ಲೇ ಇರುತ್ತದೆ.

ಬಾಗಲಕೋಟೆಯಲ್ಲಿ ಕರ್ನಾಟಕ ಬಯಲಾಟ ಅಕಾಡೆಮಿ ಇದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇದೆ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಈ ಮೂರೂ ಸೇರಿ ಹಳೇ ಧ್ವನಿಮುದ್ರಣಗಳಿಗೆ ಹೆಸರಿಡುವ, ಸಂಖ್ಯೆ ಕೊಡುವ ಒಂದು ಕ್ರಮವನ್ನು ಕನ್ನಡದಲ್ಲಿ ನಾಲ್ಕು ಪುಟ ಅಚ್ಚು ಹಾಕಿಸಿ ಹಂಚಲಿ. ಯಾವ ಮನೆಯಲ್ಲಿ ಏನು ಬರೆಯಬೇಕು, ಭಾಗದ ಸಂಖ್ಯೆಯನ್ನು ಅಕ್ಷರದಲ್ಲಿ ಯಾಕೆ ಬರೆಯಬಾರದು, ರಾತ್ರಿಗಳನ್ನು ಹೇಗೆ ಎಣಿಸಬೇಕು, ಹೆಸರು ಸಿಗದವರನ್ನು ಹೇಗೆ ಗುರುತಿಸಬೇಕು, ಇಷ್ಟು ಸಾಕು. ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಕ್ಯಾಸೆಟ್ ಡೆಕ್ಕು, ಒಂದು ಕಂಪ್ಯೂಟರು ಇಟ್ಟು, ಆ ನಾಲ್ಕು ಪುಟವನ್ನು ಓದಿಕೊಂಡ ಒಬ್ಬರನ್ನು ಕೂರಿಸಿದರೆ ನಮ್ಮ ಹಳ್ಳಿಗಳ ಅಟ್ಟದ ಮೇಲಿರುವುದೆಲ್ಲ ಕೆಲವೇ ವರ್ಷಗಳಲ್ಲಿ ಕೆಳಗಿಳಿಯುತ್ತದೆ. ಪುಸ್ತಕಕ್ಕೆ ಕಾರ್ಡು ಬರೆದು, ಎರಡು ಸಂಪುಟದ ಕೃತಿಯನ್ನು ಒಂದೇ ಕೃತಿಯೆಂದು ಒಟ್ಟಿಗೆ ಇಟ್ಟು ರೂಢಿಯಿರುವ ಗ್ರಂಥಾಲಯದವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ.

ಅಲ್ಲಿಯವರೆಗೆ ನಮ್ಮ ತಾಲ್ಲೂಕಿನವರಲ್ಲಿ ನನ್ನ ಕೋರಿಕೆ ಇಷ್ಟು. ಒಂದು ನಾಟಕದ ಕ್ಯಾಸೆಟ್ಟುಗಳನ್ನು ಬಿಡಿಬಿಡಿಯಾಗಿ ತರಬೇಡಿ. ಒಂದೆರಡು ಅಣ್ಣನ ಮನೆಯಲ್ಲಿ, ಒಂದೆರಡು ತಂಗಿಯ ಮನೆಯಲ್ಲಿ ಇದ್ದರೆ ಎಲ್ಲ ಕೂಡಿಸಿ, ರಬ್ಬರ್ ಬ್ಯಾಂಡ್ ಹಾಕಿ ತನ್ನಿ. ನಾಟಕದ ಕರಪತ್ರ ಉಳಿದಿದ್ದರೆ ಅದನ್ನೂ ತನ್ನಿ, ಸ್ಕ್ಯಾನ್ ಮಾಡಿ ಜೊತೆಗಿಡುತ್ತೇನೆ. ಅವತ್ತು ಬಣ್ಣ ಹಚ್ಚಿದವರು, ತಬಲಾ ನುಡಿಸಿದವರು ಯಾರಾದರೂ ಇದ್ದರೆ ಅವರನ್ನೂ ಕರಕೊಂಡು ಬನ್ನಿ. ಐದನೇ ಕ್ಯಾಸೆಟ್ಟಿನಲ್ಲಿ ಉತ್ತರೆಯಾಗಿ ಹಾಡಿದ ಆ ಇನ್ನೊಬ್ಬ ಹೆಣ್ಣುಮಗಳು ಯಾರೆಂದು ನನಗಿನ್ನೂ ಯಾರೂ ಹೇಳಿಲ್ಲ.